ಎಚ್ಚಮನಾಯಕನ ದನಿ

ಶೇಕ್ಸ್‌ಪಿಯರ್‌ನ ಐತಿಹಾಸಿಕ ನಾಟಕ ‘ಮೂರನೇ ರಿಚರ್ಡ್’ ಅನ್ನು 1911ರಷ್ಟು ಹಿಂದೆಯೇ ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್ ರಂಗಮಂದಿರದಲ್ಲಿ ಕ್ಯಾಮೆರಾ ಇಟ್ಟು ಚಿತ್ರೀಕರಿಸಿದ್ದರು. ನಟ ಎಫ್.ಆರ್. ಬೆನ್ಸನ್ ಮತ್ತು ಅವರ ಕಂಪನಿ ಬಣ್ಣದ ಪರದೆ ಸಮೇತ ಇವತ್ತಿಗೂ ಮೊಬೈಲಿನಲ್ಲಿ ಸಿಗುತ್ತಾರೆ. ಸಿಂಹಾಸನಕ್ಕಾಗಿ ಚಿಕ್ಕಪ್ಪನೇ ಎಳೆಯ ರಾಜಕುಮಾರರಿಬ್ಬರನ್ನು ಗೋಪುರದಲ್ಲಿ ಕೊಲ್ಲಿಸುವ ಕಥೆ ಅದು.

ನಮ್ಮ ಗದಗಿನ ಗರುಡ ಸದಾಶಿವರಾಯರು ಹಾಗೆ ಸಿಗುವುದಿಲ್ಲ. ಕಳೆದ ಶತಮಾನದ ಮೊದಲರ್ಧದಲ್ಲಿ ಇಲ್ಲಿನ ಶ್ರೀ ದತ್ತಾತ್ರೇಯ ನಾಟಕ ಮಂಡಳಿ ಎಂದರೆ ಅವರೇ. ಕಂಪನಿ ನಡೆಸುವವರು, ನಾಟಕ ಬರೆಯುವವರು, ಬಣ್ಣ ಹಚ್ಚಿ ರಂಗಕ್ಕೆ ಇಳಿಯುವವರು ಎಲ್ಲವೂ ಒಬ್ಬರೇ. ಪುರಾಣದ ನಾಟಕಗಳನ್ನೂ ಆಡಿದರು. ಆದರೆ ಅವರ ಹೆಸರಿಗೆ ಅಂಟಿಕೊಂಡದ್ದು ಐತಿಹಾಸಿಕ ‘ಎಚ್ಚಮನಾಯಕ’.

ಇತಿಹಾಸದ ಎಚ್ಚಮನಾಯಕನ ಕಥೆಯೇ ರೋಚಕ. 1614ರಲ್ಲಿ ವಿಜಯನಗರದ ವೆಂಕಟಪತಿರಾಯ ತೀರಿಕೊಂಡ. ಪಟ್ಟಕ್ಕೆ ಬಂದ ಶ್ರೀರಂಗನನ್ನು ಜಗ್ಗರಾಯ ಕುಟುಂಬ ಸಮೇತ ಸೆರೆಯಲ್ಲಿಟ್ಟು ಕೊನೆಗೆ ಕೊಂದೇಬಿಟ್ಟ. ಅಷ್ಟರೊಳಗೆ ಎಚ್ಚಮನಾಯಕ ಒಬ್ಬ ಅಗಸನ ಸಹಾಯ ಪಡೆದು, ಬಟ್ಟೆಗಂಟಿನಲ್ಲಿ ಅಡಗಿಸಿ, ಒಬ್ಬ ಮಗ ರಾಮದೇವನನ್ನು ಹೊರಗೆ ತರಿಸಿದ್ದ. ಮುಂದೆ ತೋಪೂರಿನ ಯುದ್ಧದಲ್ಲಿ ಜಗ್ಗರಾಯ ಸತ್ತ, ಹುಡುಗ ದೊರೆಯಾದ. ಇಂಗ್ಲಿಷ್ ಕಥೆಯಲ್ಲಿ ಸಾಯುವ ರಾಜಕುಮಾರ ನಮ್ಮಲ್ಲಿ ಬದುಕುತ್ತಾನೆ ನೋಡಿ! ಬ್ರಿಟಿಷರ ಆಳ್ವಿಕೆಯಲ್ಲಿ ಕೂತು ಇದನ್ನು ನೋಡಿದ ಜನರಿಗೆ ಜಗ್ಗರಾಯ ಯಾರೆಂದು ಬಿಡಿಸಿ ಹೇಳಬೇಕಿರಲಿಲ್ಲ.

ಎಂಜಿನಿಯರಿಂಗ್ ಓದುವ ನನಗೆ ಅಚ್ಚರಿ ತರುವುದು ಅವರ ಕಾಲದ ದನಿ. ಮೈಕ್ ಇಲ್ಲ. ಗ್ಯಾಸ್‌ಬತ್ತಿಯ ಬೆಳಕು, ಕಾಲಿನ ಹಾರ್ಮೋನಿಯಂ, ಬೆಳಗಿನವರೆಗೆ ಆಟ. ನೆಲದ ಮೇಲೆ ಕೂತ ಕೊನೆಯ ಸಾಲಿಗೂ ಮಾತು, ಹಾಡು ತಲುಪಬೇಕು. ಬೆನ್ಸನ್ ಚಿತ್ರ ಮೂಕಿ. ಹಾಗಾಗಿ ಆಗ ಗದಗಿಗೂ ಒಂದು ಕ್ಯಾಮೆರಾ ಬಂದಿದ್ದರೆ ಗರುಡರ ಕೈ, ಕಣ್ಣು, ಮೀಸೆ ಸಿಕ್ಕುತ್ತಿದ್ದವು, ದನಿ ಅಲ್ಲ.

ದನಿ ಹಿಡಿಯುವ ಯಂತ್ರವೂ ಬಂತು. 1931ರಲ್ಲಿ ‘ಆಲಂ ಆರಾ’, 1934ರಲ್ಲಿ ಕನ್ನಡದ ‘ಸತಿ ಸುಲೋಚನಾ’. ಅದರಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ರಂಗಭೂಮಿಯವರೇ. ಆದರೆ ಊರೂರು ಅಲೆಯುವ ಕಂಪನಿಗಳ ಪಾಲಿಗೆ ಅದು ಎದುರಾಳಿ: ಅವರ ಪ್ರೇಕ್ಷಕರು ಒಬ್ಬೊಬ್ಬರಾಗಿ ಟಾಕೀಸಿನ ಕಡೆ ನಡೆದರು. ಗರುಡ ಮನೆತನದವರು ಮಾತ್ರ ಮುಂದೆಯೂ ರಂಗ ಬಿಡಲಿಲ್ಲ.

ಈಗಲೂ ಮುಂಡರಗಿ, ಲಕ್ಷ್ಮೇಶ್ವರದ ಕಡೆ ಜಾತ್ರೆಗೆ ಕಂಪನಿ ನಾಟಕ ಬಂದರೆ ಜನ ಮೊಬೈಲ್ ಎತ್ತಿ ರೆಕಾರ್ಡ್ ಮಾಡುತ್ತಾರೆ. ಹೆಚ್ಚಾಗಿ ಹಾಸ್ಯದ ಸೀನು ಮಾತ್ರ.