ಎರಡು ಕಾಲಿಗೆ ಎರಡು ಬಗೆಯ ಶೂ

ಬೆಳಗಿನ ಐದೂವರೆಗೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಯಾವ ಊರಿನ ಮೈದಾನಕ್ಕೆ ಹೋದರೂ ಓಡುವ ಹುಡುಗ ಹುಡುಗಿಯರು ಸಿಗುತ್ತಾರೆ. ಕೆಲವರದು ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ತಯಾರಿ, ಕೆಲವರದು ಸೇನಾ ರ‍್ಯಾಲಿಯ ಕನಸು. ಒಮ್ಮೆ ಅವರ ಕಾಲು ನೋಡಿ. ಅಣ್ಣ ಹಾಕಿ ಬಿಟ್ಟ ಶೂ, ಕಾಲು ಬೆಳೆಯುತ್ತದೆ ಎಂದು ಒಂದು ನಂಬರ್ ದೊಡ್ಡದು ಕೊಡಿಸಿದ ಶೂ, ಸೋಲ್ ಬಿಟ್ಟು ಎರಡೆರಡು ಸಲ ಹೊಲಿಗೆ ಹಾಕಿಸಿದ ಶೂ.

ನನ್ನ ಗೆಳೆಯನೊಬ್ಬ ಅಂಥ ಶೂ ಹಾಕಿಕೊಂಡೇ ದೈಹಿಕ ಪರೀಕ್ಷೆಗೆ ಹೋಗಿದ್ದ. 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕಿತ್ತು. ಹಿಮ್ಮಡಿ ಸುಲಿದು ಕೊನೆಯ ಸುತ್ತಿನಲ್ಲಿ ಕುಂಟಿದ, ಕೆಲವೇ ಸೆಕೆಂಡುಗಳಲ್ಲಿ ಅವಕಾಶ ಹೋಯಿತು. ಮನೆಗೆ ಬಂದಾಗ ಎಲ್ಲರೂ ಅವನ ಛಲ ಸಾಲದು ಎಂದರು. ಅದೇ ವಾರ ಯಾರೋ ಒಂದು ಹಳೆಯ ಕಪ್ಪು ಬಿಳುಪು ಫೋಟೊವನ್ನು ಸ್ಟೇಟಸ್‌ಗೆ ಹಾಕಿದ್ದರು. ಅದರಲ್ಲಿ ನಿಂತಿದ್ದ ಓಟಗಾರನ ಒಂದೊಂದು ಕಾಲಿಗೆ ಒಂದೊಂದು ಬಗೆಯ ಶೂ, ಒಂದೊಂದು ಬಗೆಯ ಕಾಲುಚೀಲ. ನೆಪ ಹೇಳುವವರಿಗೆ ಇದು ಉತ್ತರ ಎಂಬಂತೆ ಒಂದು ಸಾಲು ಬೇರೆ. ಗೆಳೆಯ ಅದನ್ನು ನೋಡಿ ಇನ್ನಷ್ಟು ಕುಗ್ಗಿಹೋದ.

ಫೋಟೊ ನಿಜವಾದದ್ದು. ಆತ ಜಿಮ್ ಥೋರ್ಪ್. ಆದರೆ ಆತನ ಬದುಕು ಓದಿದ ಮೇಲೆ ಆ ಸಾಲು ನನಗೆ ಸರಿ ಅನ್ನಿಸಲಿಲ್ಲ.

ಥೋರ್ಪ್ ಹುಟ್ಟಿದ್ದು 1887ರ ಸುಮಾರಿಗೆ, ಇಂದಿನ ಅಮೆರಿಕದ ಓಕ್ಲಹೋಮಾ ರಾಜ್ಯದಲ್ಲಿ, ಸ್ಯಾಕ್ ಅಂಡ್ ಫಾಕ್ಸ್ ಎಂಬ ಮೂಲನಿವಾಸಿ ಸಮುದಾಯದಲ್ಲಿ. ಜೊತೆಗೇ ಹುಟ್ಟಿದ ಅವಳಿ ಸೋದರ ಚಾರ್ಲಿ ಬಾಲ್ಯದಲ್ಲೇ ನ್ಯುಮೋನಿಯಾದಿಂದ ತೀರಿಕೊಂಡ. ಹರೆಯ ದಾಟುವ ಮೊದಲೇ ತಾಯಿ ತಂದೆ ಇಬ್ಬರೂ ಇಲ್ಲವಾದರು. ಹುಡುಗ ಪೆನ್ಸಿಲ್ವೇನಿಯಾದ ಕಾರ್ಲೈಲ್ ವಸತಿ ಶಾಲೆ ಸೇರಿದ. ಮೂಲನಿವಾಸಿ ಮಕ್ಕಳನ್ನು ಬಿಳಿಯರಂತೆ ಮಾಡಬೇಕೆಂದೇ ಸರ್ಕಾರ ನಡೆಸುತ್ತಿದ್ದ ಶಾಲೆ ಅದು. ಅಲ್ಲಿ ಮಕ್ಕಳ ಉದ್ದ ಕೂದಲು ಕತ್ತರಿಸುತ್ತಿದ್ದರು, ಸಮವಸ್ತ್ರ ತೊಡಿಸುತ್ತಿದ್ದರು, ತಾಯ್ನುಡಿ ಆಡಲು ಬಿಡುತ್ತಿರಲಿಲ್ಲ. ಕಾಲಿಗೆ ಹೊಂದದ ಶೂ ಸಿಗುವ ಮೊದಲೇ ಹೊಂದದ ಬದುಕನ್ನು ಆತ ತೊಟ್ಟಾಗಿತ್ತು.

1907ರಲ್ಲಿ ಮೈದಾನದ ಪಕ್ಕ ಹಾದುಹೋಗುವಾಗ ಎತ್ತರ ಜಿಗಿತದ ಹುಡುಗರು ದಾಟಲಾಗದ ಪಟ್ಟಿಯನ್ನು ಥೋರ್ಪ್ ಕೆಲಸದ ಬಟ್ಟೆಯಲ್ಲೇ ಹಾರಿ ದಾಟಿದನಂತೆ. ಅಲ್ಲಿಂದ ತರಬೇತುದಾರ ಪಾಪ್ ವಾರ್ನರ್ ಆತನನ್ನು ಬಿಡಲಿಲ್ಲ. 1912ರಲ್ಲಿ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ಗೆ ಹೋದ ಥೋರ್ಪ್ ಮೊದಲು ಪೆಂಟಾಥ್ಲಾನ್ ಗೆದ್ದ. ಬಳಿಕ ಹತ್ತು ಸ್ಪರ್ಧೆಗಳ ಡೆಕಾಥ್ಲಾನ್.

ಶೂ ಕಾಣೆಯಾದದ್ದು ಆಗಲೇ. ಸಿಕ್ಕಿದ್ದು ಬೇರೆ ಬೇರೆ ಎರಡು ಹಳೆಯ ಶೂ. ಒಂದು ಕಾಲಿಗೆ ದೊಡ್ಡದು. ಥೋರ್ಪ್ ಆ ಕಾಲಿಗೆ ಹೆಚ್ಚು ಕಾಲುಚೀಲ ಹಾಕಿ ಸಡಿಲ ತುಂಬಿಸಿಕೊಂಡ. ಮುಗಿದಾಗ ಎರಡನೆಯವನಾದ ಸ್ವೀಡನ್ನಿನ ಹ್ಯೂಗೊ ವೀಸ್ಲಾಂಡರ್‌ಗಿಂತ ಸುಮಾರು 700 ಅಂಕ ಮುಂದಿದ್ದ. ಕೊನೆಯ 1500 ಮೀಟರ್ ಓಟಕ್ಕೆ ತೆಗೆದುಕೊಂಡದ್ದು 4 ನಿಮಿಷ 40 ಸೆಕೆಂಡು.

ಸ್ಟೇಟಸ್ ಹಾಕುವವರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದೆ ಆದದ್ದು ಬೇರೆ. ಒಲಿಂಪಿಕ್ಸ್‌ಗೆ ಮೊದಲು, 1909 ಮತ್ತು 1910ರಲ್ಲಿ ಥೋರ್ಪ್ ಸಣ್ಣ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದ. ಆಗ ಹಣಕ್ಕೆ ಆಡಿದವರಿಗೆ ಒಲಿಂಪಿಕ್ಸ್‌ನಲ್ಲಿ ಜಾಗವಿರಲಿಲ್ಲ. ಅನೇಕ ಕಾಲೇಜು ಹುಡುಗರು ಸುಳ್ಳು ಹೆಸರಿನಲ್ಲಿ ಆಡಿ ತಪ್ಪಿಸಿಕೊಳ್ಳುತ್ತಿದ್ದರು. ಥೋರ್ಪ್ ಸ್ವಂತ ಹೆಸರಿನಲ್ಲೇ ಆಡಿದ್ದ. 1913ರಲ್ಲಿ ವಿಷಯ ಪತ್ರಿಕೆಗೆ ಬಂತು. ಆಕ್ಷೇಪಣೆಗೆ ಇದ್ದ 30 ದಿನಗಳ ಗಡುವು ಎಂದೋ ಮುಗಿದಿದ್ದರೂ ಎರಡೂ ಪದಕ ಕಿತ್ತುಕೊಂಡರು. ಮನೆಯಲ್ಲಿ ಉಂಡು ಹವ್ಯಾಸಕ್ಕೆ ಆಡುವವರ ಅಳತೆಗೆ ಹೊಲಿದ ನಿಯಮ ಅದು. ದುಡಿದು ತಿನ್ನಬೇಕಾದವನ ಕಾಲಿಗೆ ಅದು ಹೊಂದಲಿಲ್ಲ. ಶೂಗೆ ಹೆಚ್ಚಿನ ಕಾಲುಚೀಲ ಹಾಕಬಹುದು, ನಿಯಮಕ್ಕೆ ಏನು ಹಾಕುವುದು?

ಥೋರ್ಪ್ ಮತ್ತೆ ಆಟಕ್ಕೇ ಹೋದ. ಬೇಸ್‌ಬಾಲ್, ಅಮೆರಿಕನ್ ಫುಟ್‌ಬಾಲ್ ಎರಡನ್ನೂ ದೊಡ್ಡ ಮಟ್ಟದಲ್ಲಿ ಆಡಿದ. ಇಂದು ಎನ್‌ಎಫ್‌ಎಲ್ ಎಂದು ಹೆಸರಾದ ಸಂಘಟನೆ 1920ರಲ್ಲಿ ಶುರುವಾದಾಗ ಆತನೇ ಅದರ ಮೊದಲ ಅಧ್ಯಕ್ಷ. ವಯಸ್ಸಾಗಿ ಆಟ ನಿಂತ ಮೇಲೆ ಆರ್ಥಿಕ ಕುಸಿತದ ದಿನಗಳಲ್ಲಿ ಗುಂಡಿ ತೋಡುವ ಕೂಲಿ ಮಾಡಿದ, ಕಾವಲುಗಾರನಾದ, ಸಿನಿಮಾಗಳಲ್ಲಿ ಚಿಕ್ಕ ಪಾತ್ರ ಮಾಡಿದ. 1953ರ ಮಾರ್ಚ್ 28ರಂದು ಬಡತನದಲ್ಲೇ ತೀರಿಕೊಂಡ. ಮೂವತ್ತು ವರ್ಷದ ಬಳಿಕ, 1983ರಲ್ಲಿ, ಪದಕಗಳ ಪ್ರತಿರೂಪಗಳನ್ನು ಮಕ್ಕಳ ಕೈಗೆ ಕೊಟ್ಟರು. ಆಗಲೂ ದಾಖಲೆಯಲ್ಲಿ ಆತ ಜಂಟಿ ವಿಜೇತ. ಎರಡೂ ಸ್ಪರ್ಧೆಗಳ ಏಕೈಕ ವಿಜೇತ ಎಂದು ಒಪ್ಪಿಕೊಂಡದ್ದು 2022ರಲ್ಲಿ, ಗೆದ್ದು 110 ವರ್ಷವಾದ ಮೇಲೆ.

ಈ ಬದುಕಿನಿಂದ ನಾನು ಕಲಿತದ್ದು ಸ್ಟೇಟಸ್‌ನ ಸಾಲನ್ನಲ್ಲ. ಥೋರ್ಪ್ ಸಡಿಲ ಶೂವನ್ನು ಸಹಿಸಿಕೊಂಡು ಓಡಲಿಲ್ಲ, ಓಡುವ ಮೊದಲು ಅದನ್ನು ಕಾಲಿಗೆ ಹೊಂದಿಸಿಕೊಂಡ. ಸಡಿಲ ಶೂವಿನಲ್ಲಿ ಪ್ರತಿ ಹೆಜ್ಜೆಗೂ ಹಿಮ್ಮಡಿ ಜಾರಿ ಉಜ್ಜುತ್ತದೆ, ಬೊಬ್ಬೆ ಏಳುತ್ತದೆ. ಬಿಗಿ ಶೂವಿನಲ್ಲಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ಇದು ಛಲದ ಪ್ರಶ್ನೆಯಲ್ಲ, ಬರೀ ಘರ್ಷಣೆಯ ಲೆಕ್ಕ. ಹೊಸ ಶೂಗೆ ದುಡ್ಡಿಲ್ಲದಿದ್ದರೆ ದಪ್ಪ ಕಾಲುಚೀಲ ಹಾಕಬಹುದು, ಒಳಗೊಂದು ಸೋಲ್ ಇಡಬಹುದು, ಲೇಸನ್ನು ಮೇಲಿನ ತೂತಿನವರೆಗೂ ಬಿಗಿಯಬಹುದು. ದುಡ್ಡು ಕೂಡಿದರೆ ಸಂಜೆ ಹೊತ್ತು ಕೊಳ್ಳಿ, ಆಗ ಪಾದ ತುಸು ಊದಿರುತ್ತದೆ. ಬೆರಳ ಮುಂದೆ ಹೆಬ್ಬೆರಳಗಲ ಜಾಗವಿರಲಿ. ಪರೀಕ್ಷೆಯ ದಿನವೇ ಹೊಸ ಶೂ ಬೇಡ.

ಗೆಳೆಯ ಈಗ ಮತ್ತೆ ಓಡುತ್ತಿದ್ದಾನೆ. ಮೊನ್ನೆ ಅವನ ಶೂಗೆ ಒಳಸೋಲ್ ಕತ್ತರಿಸಿ ಇಟ್ಟುಕೊಟ್ಟೆ. ಮೂರು ಸುತ್ತು ಮುಗಿಸಿ ಬಂದವನು ಮೊದಲು ಹಿಮ್ಮಡಿ ನೋಡಿಕೊಂಡ, ಆಮೇಲೆ ಗಡಿಯಾರ ನೋಡಿದ.