ಪಾಲ್ ಎರ್ಲಿಕ್: ಮಿದುಳಿನ ತಡೆಗೋಡೆಯನ್ನು ಕಂಡೂ ಗುರುತಿಸದ ವಿಜ್ಞಾನಿ

ರಕ್ತಕ್ಕೆ ಸೇರಿದ ಔಷಧಿ ದೇಹದ ಮೂಲೆಮೂಲೆಗೂ ತಲುಪುತ್ತದೆ ಎಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ಮಿದುಳಿನ ಮಟ್ಟಿಗೆ ಇದು ನಿಜವಲ್ಲ. ಇದರ ಮೊದಲ ಸುಳಿವು ಸಿಕ್ಕಿದ್ದು ಬಣ್ಣಗಳಿಂದ, ಜರ್ಮನಿಯ ವೈದ್ಯ ಪಾಲ್ ಎರ್ಲಿಕ್ ಅವರಿಗೆ.

ಎರ್ಲಿಕ್ ಹುಟ್ಟಿದ್ದು 1854ರಲ್ಲಿ, ಪ್ರಷ್ಯಾದ ಸ್ಟ್ರೆಹ್ಲೆನ್‌ನಲ್ಲಿ. ಆ ಊರು ಈಗ ಪೋಲೆಂಡ್‌ಗೆ ಸೇರಿದೆ. ತಾಯಿಯ ಕಡೆಯ ಬಂಧು ಕಾರ್ಲ್ ವೈಗರ್ಟ್ ಜೀವಕೋಶಗಳಿಗೆ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಓದುವ ದಿನಗಳಲ್ಲೇ ಎರ್ಲಿಕ್‌ಗೂ ಆ ಹುಚ್ಚು ಹತ್ತಿತು. 1882ರಲ್ಲಿ ರಾಬರ್ಟ್ ಕೋಕ್ ಕ್ಷಯದ ಬ್ಯಾಕ್ಟೀರಿಯಾ ತೋರಿಸಿದಾಗ, ಅದಕ್ಕೆ ಬಣ್ಣ ಹಚ್ಚುವ ಇನ್ನೂ ಉತ್ತಮ ವಿಧಾನವನ್ನು ಎರ್ಲಿಕ್ ಕಂಡುಕೊಂಡರು. ಕೆಲವೇ ವರ್ಷಗಳಲ್ಲಿ ಅದೇ ಕ್ಷಯ ಅವರಿಗೂ ತಗುಲಿತು. ಈಜಿಪ್ಟ್‌ಗೆ ಹೋಗಿ ಚೇತರಿಸಿಕೊಂಡು ಬಂದರು.

ಅದಕ್ಕೂ ಮೊದಲೇ, 1885ರ ಹೊತ್ತಿಗೆ, ಪ್ರಾಣಿಗಳ ರಕ್ತಕ್ಕೆ ಬಣ್ಣ ಚುಚ್ಚಿ ನೋಡಿದ್ದರು. ಬೇರೆ ಅಂಗಗಳಿಗೆ ಬಣ್ಣ ಹತ್ತಿತು, ಮಿದುಳಿಗೆ ಮಾತ್ರ ಹತ್ತಲಿಲ್ಲ. ಮಿದುಳಿಗೆ ಬಣ್ಣ ಹಿಡಿಯುವ ಗುಣವೇ ಕಡಿಮೆ ಎಂದು ಎರ್ಲಿಕ್ ತಿಳಿದರು. ಅದು ತಪ್ಪು. 1913ರಲ್ಲಿ ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ ಮಿದುಳಿನ ಸುತ್ತಲಿನ ದ್ರವಕ್ಕೇ ಬಣ್ಣ ಹಾಕಿದರು. ಆಗ ಮಿದುಳಿಗೆ ಬಣ್ಣ ಹತ್ತಿತು, ದೇಹದ ಉಳಿದ ಭಾಗಕ್ಕೆ ಹತ್ತಲಿಲ್ಲ. ಅಂದರೆ ರಕ್ತಕ್ಕೂ ಮಿದುಳಿಗೂ ನಡುವೆ ಏನೋ ಅಡ್ಡವಿದೆ!

ಈ ನಡುವೆ ಎರ್ಲಿಕ್ 1908ರಲ್ಲಿ ನೊಬೆಲ್ ಪಡೆದಿದ್ದರು. ಜಪಾನಿನ ಸಹಾಚಿರೊ ಹಾಟಾ ಜೊತೆ ಸಿಫಿಲಿಸ್‌ಗೆ ಸಾಲ್ವರ್ಸಾನ್ ಎಂಬ ಔಷಧಿ ಕೊಟ್ಟಿದ್ದರು. 1915ರಲ್ಲಿ ತೀರಿಕೊಂಡರು.

ಆ ಅಡ್ಡ ಬರೀ ಗೋಡೆಯಲ್ಲ ಎಂಬುದು ಅವರಿಗೆ ತಿಳಿಯಲೇ ಇಲ್ಲ. ಮಿದುಳಿನ ಸಣ್ಣ ರಕ್ತನಾಳಗಳ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ. ಜೊತೆಗೆ ಅವುಗಳಲ್ಲಿ ಪಂಪ್‌ಗಳಿವೆ. ಒಳನುಗ್ಗಿದ ಎಷ್ಟೋ ಔಷಧಿಗಳನ್ನು ಇವು ಮತ್ತೆ ರಕ್ತಕ್ಕೇ ತಳ್ಳುತ್ತವೆ. ಮುಖ್ಯ ಪಂಪ್ ಪಿ-ಗ್ಲೈಕೋಪ್ರೋಟೀನ್. ಔಷಧಿಗೆ ಬಗ್ಗದ ಹ್ಯಾಮ್‌ಸ್ಟರ್ ಕೋಶಗಳಲ್ಲಿ 1976ರಲ್ಲಿ ಇದು ಪತ್ತೆಯಾಯಿತು. ಮಿದುಳಿನ ರಕ್ತನಾಳಗಳಲ್ಲೂ ಇದೆ ಎಂದು ಗೊತ್ತಾಗಿದ್ದು ಆಮೇಲೆ.

ಇದನ್ನು ಪರೀಕ್ಷಿಸುವುದು ಹೇಗೆ? ಆ ಕೋಶಗಳನ್ನು ಲ್ಯಾಬಿನಲ್ಲಿ ಸಣ್ಣ ರಂಧ್ರಗಳಿರುವ ಪೊರೆಯ ಮೇಲೆ ಬೆಳೆಸುತ್ತಾರೆ. ಒಂದು ಬದಿ ರಕ್ತ, ಇನ್ನೊಂದು ಬದಿ ಮಿದುಳು ಎಂದುಕೊಳ್ಳಿ. ಔಷಧಿ ಮಿದುಳಿನ ಬದಿಯಿಂದ ರಕ್ತದ ಬದಿಗೆ ಹೆಚ್ಚು ಸಾಗಿ, ಪಂಪ್ ತಡೆಯುವ ವಸ್ತು ಹಾಕಿದಾಗ ಆ ವ್ಯತ್ಯಾಸ ಇಲ್ಲವಾದರೆ, ಅದು ಪಂಪ್‌ನದೇ ಕೆಲಸ. ದೇಹದಿಂದ ಹೊರತೆಗೆದ ಕೋಶಗಳು ಮೊದಲಿನ ಬಿಗಿತ ಕಳೆದುಕೊಳ್ಳಬಹುದು. ಹಾಗಾಗಿ ಪ್ರಾಣಿಗಳಲ್ಲೂ ಪರೀಕ್ಷೆ ಬೇಕೇ ಬೇಕು.

ನಮಗೇನು ಸಂಬಂಧ? ಭೇದಿಗೆ ಕೊಡುವ ಲೋಪೆರಮೈಡ್ ಅಫೀಮಿನ ಔಷಧಿಗಳಂತೆ ಕೆಲಸ ಮಾಡುವ ಮಾತ್ರೆ. ಸರಿಯಾದ ಪ್ರಮಾಣದಲ್ಲಿ ಅಮಲು ತರುವುದಿಲ್ಲ, ಏಕೆಂದರೆ ಪಂಪ್ ಅದನ್ನು ಹೊರದೂಡುತ್ತದೆ. ಐವರ್ಮೆಕ್ಟಿನ್ ಕೂಡ ಹಾಗೆಯೇ. ಈ ಪಂಪ್ ಕೆಟ್ಟಿರುವ ಕೋಲಿ ತಳಿಯ ನಾಯಿಗಳಿಗೆ ಅದರ ಹೆಚ್ಚಿನ ಡೋಸ್ ಪ್ರಾಣಕ್ಕೇ ಕುತ್ತು. ಕೆಲವು ಔಷಧಿಗಳು ಮನುಷ್ಯರಲ್ಲೂ ಈ ಪಂಪನ್ನು ತಡೆಯಬಲ್ಲವು.

ಆದ್ದರಿಂದ ಫಾರ್ವರ್ಡ್ ನೋಡಿ ಡೋಸ್ ಹೆಚ್ಚಿಸಬೇಡಿ. ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ.