ಮೇಣದ ಗೊಂಬೆಗಳ ಮೇರಿ ಟುಸ್ಸಾಡ್

ಲಂಡನ್ನಿನ ಮೇಡಂ ಟುಸ್ಸಾಡ್ ಮ್ಯೂಸಿಯಂ ಬಗ್ಗೆ ಕೇಳಿದ್ದೀರಿ. ಆದರೆ ಆ ಟುಸ್ಸಾಡ್ ಯಾರು?

ಆಕೆ ಹುಟ್ಟಿದ್ದು 1761ರಲ್ಲಿ, ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಊರಿನಲ್ಲಿ. ತಂದೆಯಿಲ್ಲದ ಮಗು. ತಾಯಿ ಕರ್ಟಿಯಸ್ ಎಂಬ ವೈದ್ಯರ ಮನೆಯಲ್ಲಿ ಕೆಲಸಕ್ಕಿದ್ದಳು. ಈ ವೈದ್ಯರು ದೇಹದ ಅಂಗಾಂಗಗಳನ್ನು ಮೇಣದಲ್ಲಿ ಮಾಡುವುದರಲ್ಲಿ ನಿಪುಣರು. ಕೆಲಸದವಳ ಮಗಳಿಗೆ ಅವರೇ ಗುರುವಾದರು. ಮುಂದೆ ಪ್ಯಾರಿಸ್ಸಿನಲ್ಲಿ ಮೇರಿ ಎಲ್ಲವನ್ನೂ ಕಲಿತಳು.

ಬದುಕಿರುವವರ ಮುಖದ ಅಚ್ಚು ತೆಗೆಯೋದು ಸುಲಭ ಅಲ್ಲ. ಮೊದಲು ಮುಖಕ್ಕೆ ಎಣ್ಣೆ, ಹುಬ್ಬು ರೆಪ್ಪೆಗಳಿಗೆ ಇನ್ನೂ ಜಾಸ್ತಿ. ಇಲ್ಲದಿದ್ದರೆ ಕೂದಲು ಕಿತ್ತು ಬರ್ತದೆ. ಉಸಿರಾಡಲು ಮೂಗಿಗೆ ಹಕ್ಕಿಯ ಗರಿಯ ಟೊಳ್ಳು ಕಡ್ಡಿ ಇಡ್ತಿದ್ದರು. ಆಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಿಯೋದು. ಪ್ಯಾರಿಸ್ ಹತ್ತಿರದ ಗಣಿಗಳಲ್ಲಿ ಜಿಪ್ಸಮ್ ಸಿಗುತ್ತಿದ್ದುದರಿಂದಲೇ ಆ ಹೆಸರು. ಆ ಅಚ್ಚಿನ ಸಹಾಯದಿಂದ ಮೇಣದ ಮುಖ ಮಾಡ್ತಿದ್ದರು.

ಇದನ್ನು ಓದಿ ಯಾರೂ ಮನೇಲಿ ಮುಖಕ್ಕೆ ಮೆತ್ತಿಕೊಳ್ಳಬೇಡಿ! ಗಣಪತಿ ಮಾಡುವ ಈ ಬಿಳಿ ಪುಡಿಗೆ ನೀರು ಬಿದ್ದರೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ದಪ್ಪಗಿದ್ದರೆ 60 ಡಿಗ್ರಿವರೆಗೂ ಏರಬಹುದು. 2007ರಲ್ಲಿ ಇಂಗ್ಲೆಂಡಿನ ಒಬ್ಬ ಹುಡುಗಿ ಶಾಲೆಯಲ್ಲಿ ಎರಡೂ ಕೈಗಳನ್ನು ಪ್ಲಾಸ್ಟರಿನೊಳಗೆ ಇಟ್ಟಳು. ಅದು ಗಟ್ಟಿಯಾಗಿ ಕೈ ಹೊರಗೆ ಬರಲಿಲ್ಲ. ಸುಟ್ಟು ಹೋಗಿ ಬಹುತೇಕ ಬೆರಳುಗಳನ್ನು ಕಳೆದುಕೊಂಡಳು. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು.

ಕೈ ಅಚ್ಚು ಬೇಕೇ ಬೇಕು ಅಂದರೆ ನನಗೆ ಇಷ್ಟವಾದ ದಾರಿ ಇದು. ಕೆರೆಯ ಜೇಡಿಮಣ್ಣನ್ನು ಕಲ್ಲಿಲ್ಲದಂತೆ ಹದವಾಗಿ ಕಲಸಿ, ದಪ್ಪ ರೊಟ್ಟಿಯಂತೆ ತಟ್ಟಿ, ಸುತ್ತ ಕಟ್ಟೆ ಕಟ್ಟಿ. ಅಂಗೈ ಒತ್ತಿ, ಕೈ ತೆಗೆದುಬಿಡಿ. ಖಾಲಿ ಗುಂಡಿಗೆ ಮಾತ್ರ ಪ್ಲಾಸ್ಟರ್ ಸುರಿಯಿರಿ. ಚರ್ಮಕ್ಕೆ ಪ್ಲಾಸ್ಟರ್ ತಾಗೋದೇ ಇಲ್ಲ. ಒಂದು ಗಂಟೆ ಬಿಟ್ಟು ಮಣ್ಣು ಬಿಡಿಸಿದರೆ ಕೈಗೆರೆ ಸಹಿತ ಬಂದಿರುತ್ತದೆ. ಪುಡಿ ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿ, ದೊಡ್ಡವರು ಪಕ್ಕದಲ್ಲಿರಲಿ. ಉಳಿದದ್ದನ್ನು ಬಚ್ಚಲಿಗೆ ಸುರಿಯಬೇಡಿ, ಕೊಳವೆ ಕಟ್ಟಿಕೊಳ್ತದೆ, ಆಮೇಲೆ ಅಮ್ಮನ ಹತ್ತಿರ ಬೈಗುಳ ತಪ್ಪದು.

ಮೇರಿ ಕಥೆಗೆ ಬರೋಣ. 1789ರಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿ ಆಯಿತು. ಗಿಲೊಟಿನ್‌ನಲ್ಲಿ ತಲೆ ಕಡಿಸಿಕೊಂಡವರ ಮುಖದ ಅಚ್ಚನ್ನೂ ತೆಗೆಯಬೇಕಾಯಿತು ಅಂತ ಆಕೆ ನೆನಪುಗಳಲ್ಲಿ ಹೇಳಿಕೊಂಡಿದ್ದಾಳೆ. ಅದರಲ್ಲಿ ಎಲ್ಲವನ್ನೂ ಇತಿಹಾಸಕಾರರು ನಂಬುವುದಿಲ್ಲ. 1794ರಲ್ಲಿ ಗುರು ತೀರಿಕೊಂಡಾಗ ಗೊಂಬೆಗಳೆಲ್ಲ ಆಕೆಯ ಪಾಲಿಗೆ ಬಂದವು. ಮರುವರ್ಷ ಮದುವೆಯಾಗಿ ಟುಸ್ಸಾಡ್ ಆದಳು. 1802ರಲ್ಲಿ ಗಂಡನನ್ನೂ ಕಿರಿಮಗನನ್ನೂ ಬಿಟ್ಟು, ನಾಲ್ಕು ವರ್ಷದ ಹಿರಿಮಗನ ಜೊತೆ ಗೊಂಬೆಗಳನ್ನು ಹೊತ್ತು ಇಂಗ್ಲೆಂಡಿಗೆ ಹೋದಳು. 33 ವರ್ಷ ಊರೂರು ಸುತ್ತಿದಳು, ನಮ್ಮ ನಾಟಕ ಕಂಪನಿಗಳ ಹಾಗೆ! 1835ರಲ್ಲಿ ಲಂಡನ್ನಿನ ಬೇಕರ್ ಸ್ಟ್ರೀಟಿನಲ್ಲಿ ನೆಲೆಯೂರಿದಳು. 1842ರಲ್ಲಿ, ಎಂಬತ್ತರ ಮುದುಕಿ, ತನ್ನದೇ ಮೇಣದ ಗೊಂಬೆ ಮಾಡಿದಳು. 1850ರಲ್ಲಿ, 88ನೇ ವಯಸ್ಸಿನಲ್ಲಿ, ಲಂಡನ್ನಿನಲ್ಲೇ ತೀರಿಕೊಂಡಳು.